34 ಲಕ್ಷ ಕಳಿಸಬೇಕು: ಆರ್‌ಟಿಜಿಎಸ್ಸಾ, ಡಿಡಿಯಾ? ಶುಕ್ರವಾರ ರಿಜಿಸ್ಟ್ರೇಷನ್ ಇದೆ

ಸುಂಟಿಕೊಪ್ಪ ತೋಟ (ಭಾನುವಾರ, ರಾತ್ರಿ 9:20)

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆಯಲ್ಲಿ ಒಂದು ಹಳೇ ಮನೆ, ಜೊತೆಗೆ 12 ಸೆಂಟ್ಸ್ ಜಾಗ ತೆಗೆದುಕೊಳ್ಳುತ್ತಿದ್ದೇನೆ. ಮಾತಾಗಿರುವುದು 38 ಲಕ್ಷಕ್ಕೆ. ಏಪ್ರಿಲ್‌ನಲ್ಲಿ ಅಗ್ರಿಮೆಂಟ್ ಮಾಡಿಕೊಂಡಾಗ 4 ಲಕ್ಷ ಚೆಕ್‌ನಲ್ಲಿ ಕೊಟ್ಟೆ. ಬಾಕಿ 34 ಲಕ್ಷ. ಬರುವ ಶುಕ್ರವಾರ 11:30ಕ್ಕೆ ಸ್ಲಾಟ್ ಸಿಕ್ಕಿದೆ.

ಮಾರುವವರು ಮಿಲಿಟರಿಯಲ್ಲಿದ್ದು ರಿಟೈರ್ ಆದ ಹಿರಿಯರು. 76 ವರ್ಷ. ಒಳ್ಳೆಯ ಜನ. ಆದರೆ ಅವರದು ಒಂದೇ ಹಠ: ದುಡ್ಡು ಅಕೌಂಟಿಗೆ ಬಿದ್ದ ಮೇಲೆ ಸಹಿ. ನಮ್ಮ ಮನೆಯವಳದು ಇನ್ನೊಂದು ಹಠ: ಸಹಿ ಆದ ಮೇಲೆ ದುಡ್ಡು. ಮಧ್ಯದಲ್ಲಿ ನಾನು.

ದುಡ್ಡಿನಲ್ಲಿ ಅರ್ಧ ಈ ಸಲದ ರೊಬಸ್ಟಾ ಕಾಫಿ ಚೆರಿ ಮಾರಿದ್ದು, ಅರ್ಧ ಎಫ್‌ಡಿ. ನನ್ನ ಬ್ಯಾಂಕ್ ಆ್ಯಪ್‌ನಲ್ಲಿ ದಿನಕ್ಕೆ 10 ಲಕ್ಷದ ಮಿತಿ ಇದೆ. ಮಳೆ ಬೇರೆ ಶುರುವಾಗಿದೆ, ನಾಲ್ಕು ದಿನದಿಂದ ಕರೆಂಟ್ ಬಂದು ಹೋಗಿ ಮಾಡುತ್ತಿದೆ. ಶುಕ್ರವಾರ ಏನಾದರೂ ಎಡವಟ್ಟಾದರೆ ಶನಿವಾರ ಎರಡನೇ ಶನಿವಾರ, ಬ್ಯಾಂಕ್ ರಜೆ. ಬೇಗನೂ ಹೋಗಬೇಕು, ಕ್ಷೇಮವಾಗಿಯೂ ಹೋಗಬೇಕು. ಯಾವ ದಾರಿ ಹಿಡಿಯಲಿ: ಖಾತೆಯಿಂದ ಖಾತೆಗೆ ನೇರ ಹೋಗುವ ಆರ್‌ಟಿಜಿಎಸ್ಸಾ, ಬ್ಯಾಂಕ್ ಬರೆದುಕೊಡುವ ಡಿಮಾಂಡ್ ಡ್ರಾಫ್ಟಾ (ಡಿಡಿ)?


ಅಮ್ಮತ್ತಿ ಹುಡುಗ (ಭಾನುವಾರ, ರಾತ್ರಿ 9:31)

ಅಣ್ಣ, ಸುಮ್ನೆ ಯುಪಿಐ ಮಾಡಿ. ದಿನಕ್ಕೆ ಒಂದು ಲಕ್ಷದ ಲೆಕ್ಕದಲ್ಲಿ 34 ದಿನ. ಅಷ್ಟರಲ್ಲಿ ಮಳೆನೂ ನಿಂತಿರುತ್ತದೆ 😄


ಬೆಂಗಳೂರಿನಲ್ಲಿರುವ ನಾಪೋಕ್ಲು (ಭಾನುವಾರ, ರಾತ್ರಿ 9:50)

ತಮಾಷೆ ಬಿಡಿ, ಮಿತಿಗಳನ್ನು ಒಂದು ಕಡೆ ಹೇಳಿಬಿಡುತ್ತೇನೆ. ಯುಪಿಐಯಲ್ಲಿ ಒಬ್ಬರಿಂದ ಒಬ್ಬರಿಗೆ ದಿನಕ್ಕೆ 1 ಲಕ್ಷ. ಐಎಂಪಿಎಸ್‌ನಲ್ಲಿ ಒಂದು ಸಲಕ್ಕೆ 5 ಲಕ್ಷದವರೆಗೆ, ಆಯಾ ಬ್ಯಾಂಕ್ ಅದಕ್ಕಿಂತ ಕಡಿಮೆ ಇಟ್ಟಿರಬಹುದು. ನೆಫ್ಟ್‌ಗೆ ಕೆಳಮಿತಿ ಇಲ್ಲ. ಆರ್‌ಟಿಜಿಎಸ್ ಶುರುವಾಗುವುದೇ 2 ಲಕ್ಷದಿಂದ, ಮೇಲೆ ರಿಸರ್ವ್ ಬ್ಯಾಂಕ್ ಮಿತಿ ಇಟ್ಟಿಲ್ಲ. ನೀವು ಹೇಳಿದ 10 ಲಕ್ಷ ನಿಮ್ಮ ಬ್ಯಾಂಕಿನ ಆ್ಯಪ್ ಮಿತಿ ಅಷ್ಟೇ, ಶಾಖೆಗೆ ಹೋದರೆ ಅದು ಅಡ್ಡ ಬರುವುದಿಲ್ಲ.

ವ್ಯತ್ಯಾಸ ಏನೆಂದರೆ, ನೆಫ್ಟ್ ಅನ್ನುವುದು ನಮ್ಮ ಕುಶಾಲನಗರ ಬಸ್ ಇದ್ದ ಹಾಗೆ. ಅರ್ಧ ಗಂಟೆಗೊಂದು ಬಿಡುತ್ತದೆ, ದಿನಕ್ಕೆ 48. ನಿಮ್ಮ ದುಡ್ಡು ಮುಂದಿನ ಬಸ್ಸಿಗೆ ಕಾಯಬೇಕು. ಆರ್‌ಟಿಜಿಎಸ್ ಬಾಡಿಗೆ ಜೀಪು. ನೀವು ಹತ್ತಿದ ತಕ್ಷಣ ಹೊರಡುತ್ತದೆ, ಪ್ರತಿಯೊಂದು ಪಾವತಿಯೂ ಬೇರೆ ಬೇರೆಯಾಗಿ ಇತ್ಯರ್ಥ ಆಗುತ್ತದೆ. ಆ ಕಡೆ ಬ್ಯಾಂಕಿಗೆ ಸಂದೇಶ ತಲುಪಿದ 30 ನಿಮಿಷದೊಳಗೆ ಅವರು ಅಕೌಂಟಿಗೆ ಹಾಕಬೇಕು ಅಂತ ನಿಯಮ.

2020ರ ಡಿಸೆಂಬರ್ 14ರಿಂದ ಆರ್‌ಟಿಜಿಎಸ್ ಹಗಲು ರಾತ್ರಿ, ವಾರದ ಏಳೂ ದಿನ ಇದೆ. ನೆಫ್ಟ್ ಅದಕ್ಕಿಂತ ಒಂದು ವರ್ಷ ಮೊದಲೇ ಹಾಗಾಯಿತು. ಹಾಗಾಗಿ ಎರಡನೇ ಶನಿವಾರಕ್ಕೂ ಹೆದರಬೇಡಿ.


ಮಡಿಕೇರಿ ಹಳೇ ಕ್ಯಾಷಿಯರ್ (ಸೋಮವಾರ, ಬೆಳಿಗ್ಗೆ 6:15)

ನಾಪೋಕ್ಲು ಹೇಳಿದ್ದೆಲ್ಲ ಸರಿ. ಆದರೆ ಕೊನೇ ಸಾಲಿಗೆ ಒಂದು ತಿದ್ದುಪಡಿ. ಆರ್‌ಟಿಜಿಎಸ್ 24 ಗಂಟೆ ಇರುತ್ತದೆ, ಕೌಂಟರ್ ಇರುವುದಿಲ್ಲ! 10 ಲಕ್ಷದ ಮೇಲಿನದಕ್ಕೆ ಇವರು ಶಾಖೆಗೇ ಹೋಗಬೇಕು. ಶಾಖೆಗೆ ಶನಿವಾರ ಬೀಗ.

ನಾನು 31 ವರ್ಷ ಕೌಂಟರ್‌ನಲ್ಲಿ ಕೂತವನು. ಕೌಂಟರ್‌ನ ಆಚೆ ಕಡೆ ಏನಾಗುತ್ತದೆ ಅಂತ ಹೇಳುತ್ತೇನೆ, ಕೇಳಿ. ನೀವು ಆರ್‌ಟಿಜಿಎಸ್ ಫಾರಂ ತುಂಬಿ, 'ಯುವರ್‌ಸೆಲ್ಫ್' ಅಂತ ಬರೆದ ಚೆಕ್ ಕೊಡುತ್ತೀರಿ. ಕ್ಲರ್ಕ್ ಅದನ್ನು ಸಿಸ್ಟಮ್‌ಗೆ ಹಾಕುತ್ತಾನೆ. ಅಷ್ಟಕ್ಕೇ ಹೋಗುವುದಿಲ್ಲ. ಇನ್ನೊಬ್ಬ ಆಫೀಸರ್ ನೋಡಿ ಪಾಸ್ ಮಾಡಬೇಕು. ಆ ಆಫೀಸರ್ ಲೋನ್ ಇನ್‌ಸ್ಪೆಕ್ಷನ್‌ಗೆ ಯಾವುದೋ ತೋಟಕ್ಕೆ ಹೋಗಿದ್ದರೆ? ಊಟಕ್ಕೆ ಹೋಗಿದ್ದರೆ? ಲಿಂಕ್ ಹೋಗಿದ್ದರೆ? ನಿಮ್ಮ ಫಾರಂ ಟ್ರೇಯಲ್ಲಿ ಪೇಪರ್ ವೇಯ್ಟ್ ಕೆಳಗೆ ತಣ್ಣಗೆ ಮಲಗಿರುತ್ತದೆ. ನೀವು 'ಕೊಟ್ಟು ಬಂದೆ' ಅಂದುಕೊಂಡು ಸೋಮವಾರಪೇಟೆ ಬಸ್ ಹತ್ತಿರುತ್ತೀರಿ.

ಆದ್ದರಿಂದ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ. ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ನಂಬರ್) ಕೈಗೆ ಸಿಗುವವರೆಗೆ ಕುರ್ಚಿ ಬಿಡಬೇಡಿ. ಆರ್‌ಟಿಜಿಎಸ್‌ನ ಯುಟಿಆರ್ 22 ಅಕ್ಷರ ಇರುತ್ತದೆ. ಎಣಿಸಿಕೊಳ್ಳಿ. ಯಾರಾದರೂ 'ಆಯ್ತು ಸಾರ್, ಹೋಗುತ್ತದೆ' ಅಂದರೆ ಅದು ಯುಟಿಆರ್ ಅಲ್ಲ.

ಇವತ್ತೇ ಶಾಖೆಗೆ ಹೋಗಿ ಇನ್ನೆರಡು ಕೆಲಸ ಮುಗಿಸಿ. ಎಫ್‌ಡಿ ಮುರಿಸಿ ಎಸ್‌ಬಿ ಖಾತೆಗೆ ಹಾಕಿಸಿಕೊಳ್ಳಿ. ಕೆವೈಸಿ (ಗುರುತಿನ ದಾಖಲೆ) ಬಾಕಿ ಇದೆಯಾ ಕೇಳಿ. ದೊಡ್ಡ ಮೊತ್ತ ಹೊರಡುವ ದಿನವೇ 'ನಿಮ್ಮ ಖಾತೆ ಅಪ್‌ಡೇಟ್ ಆಗಿಲ್ಲ' ಅಂತ ಕಾಣಿಸಿಕೊಳ್ಳುವುದು ನಾನು ಬೇಕಾದಷ್ಟು ನೋಡಿದ್ದೇನೆ.

ಖರ್ಚಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಶಾಖೆಯಲ್ಲಿ 5 ಲಕ್ಷದ ಮೇಲಿನ ಆರ್‌ಟಿಜಿಎಸ್‌ಗೆ ಹೆಚ್ಚೆಂದರೆ 49 ರೂಪಾಯಿ 50 ಪೈಸೆ, ಜೊತೆಗೆ ಜಿಎಸ್‌ಟಿ. ಕೂಡಿಸಿದರೆ 58 ರೂಪಾಯಿ 41 ಪೈಸೆ.


ವಿರಾಜಪೇಟೆ ಟೀಚರ್ (ಸೋಮವಾರ, ಬೆಳಿಗ್ಗೆ 7:40)

ನೀವೆಲ್ಲ ಎಷ್ಟು ಬೇಗ ಹೋಗುತ್ತದೆ ಅಂತಲೇ ಹೇಳುತ್ತಿದ್ದೀರಿ. ನನ್ನ ದುಡ್ಡು ಎರಡೇ ನಿಮಿಷದಲ್ಲಿ ಹೋಯಿತು. ತಪ್ಪು ಮನೆಗೆ.

ತಮ್ಮನ ಮಗನ ಹಾಸ್ಟೆಲ್ ಫೀಸು, 85 ಸಾವಿರ. ತಮ್ಮ ಫೋನಿನಲ್ಲಿ ಅಕೌಂಟ್ ನಂಬರ್ ಹೇಳುತ್ತಿದ್ದ, ನಾನು ಅಡುಗೆಮನೆಯಲ್ಲಿ ನಿಂತು ಕ್ಯಾಲೆಂಡರ್ ಹಿಂದೆ ಬರೆದುಕೊಳ್ಳುತ್ತಿದ್ದೆ. ಹಿಂದುಗಡೆ ಶೀಟಿನ ಮೇಲೆ ಮಳೆ ಧೋ ಅಂತ ಸುರಿಯುತ್ತಿತ್ತು. ಅವನು 'ನೈನ್' ಅಂದದ್ದು ನನಗೆ 'ಫೈವ್' ಅಂತ ಕೇಳಿಸಿತು. ಎರಡು ಸಲ ಟೈಪ್ ಮಾಡಿ ಅಂತ ಆ್ಯಪ್ ಕೇಳಿತು, ಎರಡು ಸಲವೂ ಅದೇ ತಪ್ಪು ಟೈಪ್ ಮಾಡಿದೆ. ನೋಡಿ ಬರೆಯುವುದು ಅದೇ ಕ್ಯಾಲೆಂಡರ್ ತಾನೇ!

ಬ್ಯಾಂಕಿನಲ್ಲಿ ಕೇಳಿದರೆ, ದುಡ್ಡು ಹೋಗುವುದು ನಂಬರ್ ನೋಡಿ, ನೀವು ಬರೆದ ಹೆಸರು ನೋಡಿ ಅಲ್ಲ ಅಂದರು. ಆ ನಂಬರಿನ ಖಾತೆ ಬೇರೆ ರಾಜ್ಯದ ಯಾರದ್ದೋ. ಅವರು ಒಪ್ಪದೆ ಅವರ ಬ್ಯಾಂಕ್ ತಾನಾಗಿ ವಾಪಸ್ ತೆಗೆದುಕೊಡಲು ಆಗುವುದಿಲ್ಲವಂತೆ. ಅರ್ಜಿ, ಅರ್ಜಿ ಮೇಲೆ ಅರ್ಜಿ. ಎರಡು ತಿಂಗಳು ಕಳೆದು ಬಂತು. ಆ ಪುಣ್ಯಾತ್ಮ ಒಪ್ಪಿದ್ದಕ್ಕೆ ಬಂತು ಅಷ್ಟೆ. ಅಷ್ಟರಲ್ಲಿ ನಾನು ಬೇರೆ ಕಡೆ ಸಾಲ ಮಾಡಿ ಫೀಸು ಕಟ್ಟಿದ್ದೆ.

34 ಲಕ್ಷಕ್ಕೆ ಹೀಗಾದರೆ ಎದೆ ಒಡೆದು ಹೋಗುತ್ತದೆ. ನಂಬರನ್ನು ಕಿವಿಯಲ್ಲಿ ಕೇಳಿ ಬರೆದುಕೊಳ್ಳಬೇಡಿ ತಮ್ಮ.


ಬೆಂಗಳೂರಿನಲ್ಲಿರುವ ನಾಪೋಕ್ಲು (ಸೋಮವಾರ, ಬೆಳಿಗ್ಗೆ 9:05)

ಟೀಚರ್, ನಿಮಗೆ ಆದದ್ದು ಹಳೇ ಕಾಲದಲ್ಲಿ. ಈಗ ಅದಕ್ಕೆ ಒಂದು ದಾರಿ ಇದೆ. 2025ರ ಏಪ್ರಿಲ್ 1ರ ಹೊತ್ತಿಗೆ ಎಲ್ಲ ಬ್ಯಾಂಕುಗಳೂ ಆರ್‌ಟಿಜಿಎಸ್, ನೆಫ್ಟ್ ಎರಡಕ್ಕೂ ಹೆಸರು ತೋರಿಸುವ ಸೌಲಭ್ಯ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಅಕೌಂಟ್ ನಂಬರ್, ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಕೋಡ್) ಹಾಕಿದರೆ ಆ ಖಾತೆ ಯಾರ ಹೆಸರಲ್ಲಿದೆ ಅಂತ ದುಡ್ಡು ಹೋಗುವ ಮೊದಲೇ ಕಾಣುತ್ತದೆ. ಇದಕ್ಕೆ ಶುಲ್ಕ ಇಲ್ಲ. ಆ್ಯಪ್‌ನಲ್ಲಷ್ಟೇ ಅಲ್ಲ, ಶಾಖೆಗೆ ಹೋದವರೂ ಕೇಳಿ ನೋಡಿಸಿಕೊಳ್ಳಬಹುದು.

ಯುಪಿಐಯಲ್ಲಿ, ಐಎಂಪಿಎಸ್‌ನಲ್ಲಿ ಮೊದಲೇ ಹೆಸರು ಕಾಣುತ್ತಿತ್ತು. ಸಾವಿರ ರೂಪಾಯಿಗೆ ಹೆಸರು ನೋಡಿ, 34 ಲಕ್ಷಕ್ಕೆ ಕಣ್ಣು ಮುಚ್ಚಿ ಕಳಿಸುವ ಹಾಗಿತ್ತು ಇಷ್ಟು ವರ್ಷ.


ಸುಂಟಿಕೊಪ್ಪ ತೋಟ (ಸೋಮವಾರ, ಮಧ್ಯಾಹ್ನ 1:30)

ಎಲ್ಲರಿಗೂ ಧನ್ಯವಾದ. ಎಫ್‌ಡಿ ಮುರಿಸಿದೆ. ಕೆವೈಸಿ ಸರಿ ಇದೆ. ಕ್ಯಾಷಿಯರ್ ಸರ್, ನೀವು ಹೇಳಿದ ಪೇಪರ್ ವೇಯ್ಟ್ ನಮ್ಮ ಶಾಖೆಯಲ್ಲೂ ಇದೆ, ನೋಡಿ ಬಂದೆ.

ಹಿರಿಯರ ಮಗ ಬೆಂಗಳೂರಿನಲ್ಲಿದ್ದಾನೆ. ಅವನು ವಾಟ್ಸ್ಆ್ಯಪ್‌ನಲ್ಲಿ ಅಕೌಂಟ್ ನಂಬರ್ ಕಳಿಸಿದ್ದಾನೆ. ಜೊತೆಗೆ, ಅಪ್ಪನ ಆಸ್ಪತ್ರೆ ಖರ್ಚಿಗೆ ಒಂದು 3 ಲಕ್ಷ ಕ್ಯಾಶ್ ಕೊಟ್ಟರೆ ಅನುಕೂಲ ಅಂದ. ಕೊಡಬಹುದಾ?


ಪತ್ರ ಬರೆಯುವವ (ಸೋಮವಾರ, ಸಂಜೆ 5:10)

ಕೊಡಬೇಡಿ. ಬೇಡವೇ ಬೇಡ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತೆಗೆದುಕೊಳ್ಳುವ ಹಾಗಿಲ್ಲ, 2017ರಿಂದಲೇ ಇದೆ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ. ಅದರ ಮೇಲೆ ಜಾಗ, ಮನೆಯ ವಿಷಯದಲ್ಲಿ ಇನ್ನೂ ಬಿಗಿ: 20 ಸಾವಿರ ಮುಟ್ಟಿದರೇ ಕ್ಯಾಶ್‌ನಲ್ಲಿ ಪಡೆಯುವ ಹಾಗಿಲ್ಲ. ದಂಡ ಬೀಳುವುದು ಆ ಹಿರಿಯರಿಗೆ. ಅವರಿಗೇ ಇದನ್ನು ಬಿಡಿಸಿ ಹೇಳಿ, ಆಮೇಲೆ ಕ್ಯಾಶ್ ಕೇಳುವುದಿಲ್ಲ.

ಈಗ ನಿಮ್ಮ ಅಸಲು ಜಗಳಕ್ಕೆ ಬರೋಣ. ಸಹಿ ಮೊದಲಾ, ದುಡ್ಡು ಮೊದಲಾ? ಕ್ರಯಪತ್ರ ಬರೆಯುವ ನನ್ನ ಮೇಜಿನ ಮುಂದೆ ದಿನಾ ನಡೆಯುವ ಜಗಳ ಇದು. ಬ್ಯಾಂಕಿನವರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಕ್ರಯಪತ್ರದಲ್ಲಿ ದುಡ್ಡು ಹೇಗೆ ಸಂದಾಯ ಆಯಿತು ಅಂತ ಬರೆಯಬೇಕು. ಚೆಕ್ ಆದರೆ ಚೆಕ್ ನಂಬರ್, ಡಿಡಿ ಆದರೆ ಡಿಡಿ ನಂಬರ್, ಆರ್‌ಟಿಜಿಎಸ್ ಆದರೆ ಯುಟಿಆರ್, ಎಲ್ಲಕ್ಕೂ ತಾರೀಕು. ಸಹಿ ಆದ ಮೇಲೆ ಆರ್‌ಟಿಜಿಎಸ್ ಮಾಡುತ್ತೇನೆ ಅಂದರೆ ಪತ್ರದಲ್ಲಿ ನಾನು ಯಾವ ಯುಟಿಆರ್ ಬರೆಯಲಿ? ಸೊನ್ನೆನಾ?

ಡಿಡಿಯ ಗುಣ ಇಲ್ಲಿದೆ. ಹಿಂದಿನ ದಿನ ಮಾಡಿಸಿದರೆ ನಂಬರ್ ನನಗೆ ಸಿಗುತ್ತದೆ, ಪತ್ರ ಟೈಪ್ ಆಗುತ್ತದೆ. ಕಾಗದ ಮಾತ್ರ ನಿಮ್ಮ ಕಿಸೆಯಲ್ಲೇ ಇರುತ್ತದೆ. ಅವರು ಸಹಿ ಹಾಕಿ, ಹೆಬ್ಬೆಟ್ಟು ಕೊಟ್ಟು, ಫೋಟೋ ಹೊಡೆಸಿಕೊಂಡ ಮೇಲೆ ಕೈಗೆ ಕೊಡುವುದು. ಕೆಲಸ ಮುರಿದರೆ ಡಿಡಿ ವಾಪಸ್ ಕೊಟ್ಟು ರದ್ದು ಮಾಡಿಸಬಹುದು. ಆರ್‌ಟಿಜಿಎಸ್ ಆದರೆ ಟೀಚರ್ ಹೇಳಿದ ಹಾಗೆ, ಹೋಯಿತು ಅಂದರೆ ಹೋಯಿತು.

ಇನ್ನೊಂದು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ. 38 ಲಕ್ಷಕ್ಕೆ ಅದೇ 76 ಸಾವಿರ. ಸ್ಟಾಂಪ್ ಡ್ಯೂಟಿ ಬೇರೆ. ಅದನ್ನು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಮುಂಚೆ ಕಟ್ಟಬೇಕು. 34 ಲಕ್ಷವನ್ನು ಪೈಸಾ ಬಿಡದೆ ಜೋಡಿಸಿ ಇದನ್ನು ಮರೆತು ಬರುವವರು ಎಷ್ಟು ಜನ ಅಂತೀರಿ.


ಗೋಣಿಕೊಪ್ಪ ಮೆಣಸು (ಸೋಮವಾರ, ಸಂಜೆ 6:00)

ಡಿಡಿ ಸರಿ, ಆದರೆ ಮಾರುವವರ ಜಾಗದಲ್ಲಿ ನಿಂತು ನೋಡಿ. ಅವರಿಗೆ ಅದು ಒಂದು ಬಣ್ಣದ ಕಾಗದ. ನಕಲಿ ಡಿಡಿ ಕೊಟ್ಟು ಮಾಲು ಹೊತ್ತೊಯ್ದವರು ನಮ್ಮ ವ್ಯಾಪಾರದಲ್ಲಿ ಇದ್ದಾರೆ. ನಾನು ಗುರುತಿಲ್ಲದವರ ಡಿಡಿ ಮುಟ್ಟುವುದಿಲ್ಲ. ಮೊಬೈಲ್‌ನಲ್ಲಿ 'ಕ್ರೆಡಿಟ್ ಆಯಿತು' ಅಂತ ಸ್ಕ್ರೀನ್‌ಶಾಟ್ ತೋರಿಸುವವರನ್ನು ಅದಕ್ಕಿಂತ ದೂರ ಇಡುತ್ತೇನೆ. ನನ್ನ ಪಾಸ್‌ಬುಕ್‌ನಲ್ಲಿ ಎಂಟ್ರಿ ಬಿದ್ದರೇನೇ ಮೂಟೆ ಲಾರಿ ಹತ್ತುವುದು.

ಮತ್ತೆ, ವಾಟ್ಸ್ಆ್ಯಪ್‌ನಲ್ಲಿ ಬಂದ ಅಕೌಂಟ್ ನಂಬರ್ ಬಗ್ಗೆ. ಎರಡು ವರ್ಷದ ಹಿಂದೆ ಮೆಣಸು ಒಣಗಿಸುವ ಮೆಷಿನ್‌ಗೆ ಆರ್ಡರ್ ಕೊಟ್ಟಿದ್ದೆ. 6 ಲಕ್ಷ ಬಾಕಿ. ಕಂಪನಿಯ ಇಮೇಲ್‌ನಿಂದಲೇ ಒಂದು ಕಾಗದ ಬಂತು: ನಮ್ಮ ಖಾತೆ ಆಡಿಟ್‌ನಲ್ಲಿದೆ, ಈ ಹೊಸ ಖಾತೆಗೆ ಹಾಕಿ, ಇವತ್ತೇ ಹಾಕಿದರೆ ಮೆಷಿನ್ ನಾಳೆ ಲೋಡ್. ಲೆಟರ್‌ಹೆಡ್, ಸೀಲು, ಸಹಿ ಎಲ್ಲ ಇತ್ತು. ನಾನು ಚೆಕ್ ಬರೆದಾಗಿತ್ತು. ನಮ್ಮ ರೈಟರ್ ಹಳೇ ಬಿಲ್ ಪುಸ್ತಕ ತೆಗೆದು ಅದರಲ್ಲಿದ್ದ ನಂಬರಿಗೆ ಫೋನ್ ಹಚ್ಚಿದ. ಆ ಕಡೆಯವರು 'ಯಾವ ಆಡಿಟ್ ಸಾರ್?' ಅಂದರು. ಅವರ ಇಮೇಲ್‌ಗೆ ಯಾರೋ ಕನ್ನ ಹಾಕಿದ್ದರು. ಕಾಗದದಲ್ಲಿದ್ದ ಫೋನ್ ನಂಬರಿಗೇ ಮಾಡಿದ್ದರೆ ಕಳ್ಳನೇ ಎತ್ತಿ 'ಹೌದು ಸಾರ್, ಸರಿ ಇದೆ' ಅನ್ನುತ್ತಿದ್ದ.

ಹೆಸರು ನೋಡಿ ಅಣ್ಣ. ಮತ್ತು ಆ ಹಿರಿಯರ ಬಾಯಿಂದಲೇ ಕೇಳಿ.


ಬೆಂಗಳೂರಿನಲ್ಲಿರುವ ನಾಪೋಕ್ಲು (ಸೋಮವಾರ, ಸಂಜೆ 6:20)

ಮೆಣಸಣ್ಣ ಹೇಳಿದ್ದಕ್ಕೆ ಸೇರಿಸುತ್ತೇನೆ. ಏನಾದರೂ ಮೋಸ ಆಯಿತು ಅಂತ ಗೊತ್ತಾದ ಗಳಿಗೆಯಲ್ಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ಕಳ್ಳರು ಆ ದುಡ್ಡನ್ನು ಖಾತೆಯಿಂದ ಖಾತೆಗೆ ದಾಟಿಸಿ ತೆಗೆಯುವ ಮೊದಲು ತಡೆಹಿಡಿಯಬೇಕು, ನಾಳೆ ನೋಡೋಣ ಅಂದರೆ ಮುಗಿಯಿತು. ಮತ್ತು ಈ ವಾರ ಮದುವೆ ಕರೆಯೋಲೆ, ಚಲನ್ ಅಂತ ಬರುವ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಸೇರಿಸುವಂಥದ್ದು) ಯಾವುದನ್ನೂ ಒತ್ತಬೇಡಿ. 34 ಲಕ್ಷ ಎಸ್‌ಬಿ ಖಾತೆಯಲ್ಲಿ ಕೂತಿದೆ, ನೆನಪಿರಲಿ.


ಸುಂಟಿಕೊಪ್ಪ ತೋಟ (ಮಂಗಳವಾರ, ಬೆಳಿಗ್ಗೆ 11:45)

ಒಂದು ವಿಚಿತ್ರ ಆಯಿತು. ಆ್ಯಪ್‌ನಲ್ಲಿ ಮಗ ಕಳಿಸಿದ ನಂಬರ್ ಹಾಕಿ ನೋಡಿದೆ. ಹಿರಿಯರ ಹೆಸರು ಬರಲಿಲ್ಲ. ಬಂದದ್ದು ಮಗನ ಹೆಂಡತಿ ಹೆಸರು! ಕೈ ನಡುಗಿತು ನೋಡಿ.

ಮೆಣಸಣ್ಣ ಹೇಳಿದ ಹಾಗೆ ನೇರ ಹಿರಿಯರಿಗೇ ಫೋನ್ ಮಾಡಿದೆ. ಅವರಿಗೆ ಗೊತ್ತೇ ಇಲ್ಲ. ಆಮೇಲೆ ಮಗನೂ ಮಾತಾಡಿದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ ಅಂತ ನನಗೆ ಅನಿಸುತ್ತದೆ. 'ಅಪ್ಪನಿಗೆ ಆನ್‌ಲೈನ್ ಗೊತ್ತಿಲ್ಲ, ಯಾರಾದರೂ ಟೋಪಿ ಹಾಕುತ್ತಾರೆ, ಅದಕ್ಕೆ ಇವಳ ಖಾತೆ ಕೊಟ್ಟೆ' ಅಂದ. ಈಗ ಹಿರಿಯರಿಗೆ ಸ್ವಲ್ಪ ಬೇಜಾರಾಗಿದೆ. ಮನೆ ಜಗಳಕ್ಕೆ ನಾನು ಕಡ್ಡಿ ಗೀರಿದ ಹಾಗಾಯಿತೇನೋ.


ಪತ್ರ ಬರೆಯುವವ (ಮಂಗಳವಾರ, ಮಧ್ಯಾಹ್ನ 12:10)

ಕಡ್ಡಿ ಗೀರಿದ್ದಲ್ಲ, ಬೆಂಕಿ ಆರಿಸಿದ್ದು. ಪತ್ರದಲ್ಲಿ ಮಾರುವವರು ಅಪ್ಪ, ದುಡ್ಡು ಹೋದದ್ದು ಸೊಸೆಗೆ. ನಾಳೆ ಇನ್ನೊಬ್ಬ ಮಗ ಬಂದು 'ನಮ್ಮಪ್ಪನಿಗೆ ದುಡ್ಡೇ ಬಂದಿಲ್ಲ' ಅಂದರೆ ಉತ್ತರ ಹೇಳುವವರು ನೀವು. ಯಾರ ಹೆಸರಲ್ಲಿ ಜಾಗ ಇದೆಯೋ ಅವರ ಖಾತೆಗೇ ಹಾಕಿ. ಆಮೇಲೆ ಅವರು ಯಾರಿಗೆ ಬೇಕಾದರೂ ಕೊಡಲಿ.

ಅಂದ ಹಾಗೆ, ಮಾರುವವರಲ್ಲಿ ವಿದೇಶದಲ್ಲಿರುವವರು ಯಾರೂ ಇಲ್ಲ ತಾನೇ?


ಸುಂಟಿಕೊಪ್ಪ ತೋಟ (ಮಂಗಳವಾರ, ಮಧ್ಯಾಹ್ನ 12:15)

ಇಲ್ಲ. ಪೂರ್ತಿ ಹಿರಿಯರೊಬ್ಬರ ಹೆಸರಲ್ಲೇ ಇದೆ.


ಚೆಟ್ಟಳ್ಳಿ ಕಿತ್ತಳೆ (ಮಂಗಳವಾರ, ಮಧ್ಯಾಹ್ನ 2:30)

ನೀವು ಪುಣ್ಯವಂತರು. ನಾನು ತೆಗೆದುಕೊಂಡಾಗ ಮೂವರಲ್ಲಿ ಒಬ್ಬರು ದುಬೈಯಲ್ಲಿದ್ದರು. ಊರಲ್ಲಿರುವವರು ಮಾರಿದರೆ 50 ಲಕ್ಷ ಮುಟ್ಟುವವರೆಗೆ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ) ತಲೆನೋವಿಲ್ಲ. ಹೊರದೇಶದಲ್ಲಿರುವವರ ಪಾಲಿಗೆ ಆ 50 ಲಕ್ಷದ ವಿನಾಯಿತಿ ಇಲ್ಲ, ಕೊಡುವವರೇ ತೆರಿಗೆ ಹಿಡಿದು ಕಟ್ಟಬೇಕು. ಅವರ ದುಡ್ಡು ಹೋಗಬೇಕಾದದ್ದೂ ಎನ್‌ಆರ್‌ಒ ಖಾತೆಗೆ (ಹೊರದೇಶದಲ್ಲಿರುವವರು ಇಲ್ಲಿ ಇಡುವ ಖಾತೆ). ನನಗೆ ಇದು ಗೊತ್ತಾದದ್ದು ರಿಜಿಸ್ಟ್ರೇಷನ್‌ಗೆ ಮೂರು ದಿನ ಇರುವಾಗ. ಆಡಿಟರ್ ಮನೆಗೆ ಓಡಿದ್ದೇ ಓಡಿದ್ದು. ಬೇರೆಯವರಿಗೆ ಉಪಯೋಗ ಆಗಲಿ ಅಂತ ಬರೆದೆ.


ಮಡಿಕೇರಿ ಹಳೇ ಕ್ಯಾಷಿಯರ್ (ಮಂಗಳವಾರ, ಸಂಜೆ 4:00)

ಹಿರಿಯರ ಪಾಸ್‌ಬುಕ್ ತರಿಸಿದರೆ ಒಂದು ಎಚ್ಚರ. ನಮ್ಮ ಕಡೆ ವಯಸ್ಸಾದವರ ಬೀರುವಿನಲ್ಲಿ ಇರುವುದು ಹಳೇ ಪಾಸ್‌ಬುಕ್. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಅದೇ ದಿನ ಯೂನಿಯನ್‌ಗೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಎಸ್‌ಬಿಐಗೆ. ಹಳೇ ಪುಸ್ತಕದ ಐಎಫ್‌ಎಸ್‌ಸಿ ಈಗ ನಡೆಯುವುದಿಲ್ಲ.

ಐಎಫ್‌ಎಸ್‌ಸಿ 11 ಅಕ್ಷರ. ಮೊದಲ ನಾಲ್ಕು ಬ್ಯಾಂಕ್, ಐದನೆಯದು ಸೊನ್ನೆ, ಉಳಿದ ಆರು ಶಾಖೆ. ಆ ಐದನೆಯದನ್ನು ಇಂಗ್ಲಿಷಿನ 'ಓ' ಅಂತ ದುಂಡಗೆ ಬರೆದು ಕೊಡುವವರು ದಿನಕ್ಕೊಬ್ಬರಾದರೂ ಬರುತ್ತಿದ್ದರು. ಪಾಸ್‌ಬುಕ್‌ಗಿಂತ ಈಗಿನ ಚೆಕ್‌ಬುಕ್‌ನ ಒಂದು ಹಾಳೆ ಅಡ್ಡಗೆರೆ ಹೊಡೆದು ಇಸಿದುಕೊಳ್ಳಿ. ಅಚ್ಚಾದ ನಂಬರ್ ಸುಳ್ಳು ಹೇಳುವುದಿಲ್ಲ.

ಆಮೇಲೆ ಒಂದು ರೂಪಾಯಿ ಕಳಿಸಿ ನೋಡಿ. ಆರ್‌ಟಿಜಿಎಸ್‌ನಲ್ಲಿ ಆಗುವುದಿಲ್ಲ, ಐಎಂಪಿಎಸ್‌ನಲ್ಲಿ ಕಳಿಸಿ. ಬಂತು ಅಂತ ಅವರೇ ಓದಿ ಹೇಳಲಿ. ನಾಚಿಕೆ ಪಡಬೇಡಿ, 34 ಲಕ್ಷದ ಮುಂದೆ ಒಂದು ರೂಪಾಯಿ ಹೋದರೆ ಹೋಗಲಿ.


ವಿರಾಜಪೇಟೆ ಟೀಚರ್ (ಮಂಗಳವಾರ, ರಾತ್ರಿ 8:15)

ಆ ಒಂದು ರೂಪಾಯಿ ಆವತ್ತು ಯಾರಾದರೂ ನನಗೆ ಹೇಳಿದ್ದರೆ!


ಪತ್ರ ಬರೆಯುವವ (ಬುಧವಾರ, ಬೆಳಿಗ್ಗೆ 8:30)

ನನ್ನ ಸಲಹೆ ಹೀಗೆ. ಪೂರ್ತಿ ಡಿಡಿ ಬೇಡ, ಪೂರ್ತಿ ಆರ್‌ಟಿಜಿಎಸ್ ಬೇಡ. ಗುರುವಾರ ಹಿರಿಯರನ್ನೇ ಕಾರಿನಲ್ಲಿ ಕೂರಿಸಿಕೊಂಡು ಸುಂಟಿಕೊಪ್ಪಕ್ಕೆ ಬನ್ನಿ. ನಿಮ್ಮ ಶಾಖೆಯಲ್ಲಿ ಅವರ ಎದುರೇ 10 ಲಕ್ಷ ಆರ್‌ಟಿಜಿಎಸ್ ಮಾಡಿ. ಅವರ ಮೊಬೈಲ್ ಅಲ್ಲೇ ಟಿಂಗ್ ಅನ್ನಲಿ. 24 ಲಕ್ಷಕ್ಕೆ ಅಲ್ಲೇ ಡಿಡಿ ಮಾಡಿಸಿ. ಡಿಡಿ ಯಂತ್ರದಿಂದ ಹೊರಬರುವುದನ್ನು ಅವರು ಕಣ್ಣಾರೆ ನೋಡಿದರೆ ನಕಲಿ ಅನ್ನುವ ಮಾತೇ ಇಲ್ಲ. ಯುಟಿಆರ್, ಡಿಡಿ ನಂಬರ್ ಎರಡನ್ನೂ ನನ್ನಂಥವರಿಗೆ ಸಂಜೆ ಕಳಿಸಿದರೆ ಪತ್ರ ತಯಾರಾಗುತ್ತದೆ. ಹತ್ತು ಲಕ್ಷ ಅವರ ಕೈಯಲ್ಲಿ, ಇಪ್ಪತ್ನಾಲ್ಕು ನಿಮ್ಮ ಕೈಯಲ್ಲಿ. ಇಬ್ಬರಿಗೂ ನಿದ್ದೆ ಬರುತ್ತದೆ.

10 ಲಕ್ಷ ಕೊಟ್ಟದ್ದಕ್ಕೆ ಅಗ್ರಿಮೆಂಟ್ ಹಿಂದೆ ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳುವುದು ಮರೆಯಬೇಡಿ.


ಗೋಣಿಕೊಪ್ಪ ಮೆಣಸು (ಬುಧವಾರ, ಬೆಳಿಗ್ಗೆ 9:00)

ಇದು ಒಪ್ಪುವ ಮಾತು. ಆದರೆ ಶುಕ್ರವಾರ ಡಿಡಿ ಕೈಗೆ ಸಿಕ್ಕರೂ ಶನಿವಾರ, ಭಾನುವಾರ ಕಳೆದು ಸೋಮವಾರವೇ ಕ್ಲಿಯರಿಂಗ್ ಅಲ್ವಾ? ಹಿರಿಯರು ಮತ್ತೆ ತಕರಾರು ತೆಗೆಯುತ್ತಾರೆ.


ಮಡಿಕೇರಿ ಹಳೇ ಕ್ಯಾಷಿಯರ್ (ಬುಧವಾರ, ಬೆಳಿಗ್ಗೆ 9:40)

ಅದು ಹಳೇ ಲೆಕ್ಕ ಮೆಣಸಣ್ಣ. ನಮ್ಮ ಕಾಲದಲ್ಲಿ ಚೆಕ್ಕುಗಳನ್ನು ಕಟ್ಟು ಕಟ್ಟಿ ಕಳಿಸುತ್ತಿದ್ದೆವು. 2025ರ ಅಕ್ಟೋಬರ್ 4ರಿಂದ ಕ್ಲಿಯರಿಂಗ್ ದಿನವಿಡೀ ನಡೆಯುತ್ತದೆ. ಕ್ಲಿಯರಿಂಗ್ ಸಮಯದೊಳಗೆ ಬಂದ ಚೆಕ್, ಡಿಡಿಗಳನ್ನು ಸ್ಕ್ಯಾನ್ ಮಾಡಿ ಆಗಾಗಲೇ ಕಳಿಸುತ್ತಾರೆ. ಆ ಕಡೆ ಬ್ಯಾಂಕ್ ಸಂಜೆ 7ರೊಳಗೆ ಹೌದು ಅಥವಾ ಇಲ್ಲ ಅನ್ನಬೇಕು. ರಿಜಿಸ್ಟ್ರೇಷನ್ ಮುಗಿದ ಕೂಡಲೇ, ಕಾಫಿಗೂ ನಿಲ್ಲದೆ, ಅವರ ಶಾಖೆಗೆ ಹೋಗಿ ಕೌಂಟರ್‌ನಲ್ಲೇ ಕೊಡಲಿ. ಡ್ರಾಪ್ ಬಾಕ್ಸ್‌ಗೆ ಹಾಕುವುದು ಬೇಡ.


ಸುಂಟಿಕೊಪ್ಪ ತೋಟ (ಗುರುವಾರ, ರಾತ್ರಿ 8:50)

ಇವತ್ತಿನ ಕಥೆ. ನಿನ್ನೆ ಹಿರಿಯರ ಮನೆಗೆ ಹೋಗಿ ಎಲ್ಲ ವಿವರಿಸಿದೆ. ಪಾಸ್‌ಬುಕ್ ತಂದರು. ಸರ್ ಹೇಳಿದ್ದೇ ನಿಜ, ಹಳೇ ಬ್ಯಾಂಕಿನದು, ಮೂಲೆಯಲ್ಲಿ ಗೆದ್ದಲು ಹಿಡಿದಿದೆ. ಹೊಸ ಚೆಕ್‌ಬುಕ್ ಮಾತ್ರ ಕವರ್ ಸಮೇತ ಹಾಗೇ ಇತ್ತು, ಒಂದು ಹಾಳೆಯೂ ಹರಿದಿಲ್ಲ. ಆ ನಂಬರ್ ಹಾಕಿದೆ, ಅವರ ಪೂರ್ತಿ ಹೆಸರು ಮನೆತನದ ಹೆಸರಿನ ಜೊತೆ ಬಂತು. ಒಂದು ರೂಪಾಯಿ ಕಳಿಸಿದೆ. ಕನ್ನಡಕ ಹುಡುಕಿ, ಮೆಸೇಜ್ ಓದಿ, 'ಇನ್ನು 33,99,999 ಬಾಕಿ' ಅಂದರು! ತಮಾಷೆ ಮನುಷ್ಯ.

ಇವತ್ತು 10ಕ್ಕೆ ಇಬ್ಬರೂ ಶಾಖೆಯಲ್ಲಿದ್ದೆವು. ಲಿಂಕ್ ಇಲ್ಲ. ರಾತ್ರಿ ಎಲ್ಲೋ ಮರ ಬಿದ್ದು ಲೈನ್ ಹೋಗಿತ್ತಂತೆ. 11 ಆಯಿತು, 12 ಆಯಿತು. ಹಿರಿಯರು ಆರಾಮ ಕೂತು ಕಾಶ್ಮೀರದ ಕಥೆ ಹೇಳುತ್ತಿದ್ದರು, ನನಗೆ ಮಾತ್ರ ಹೊಟ್ಟೆಯಲ್ಲಿ ಕಸಿವಿಸಿ. 12:40ಕ್ಕೆ ಲಿಂಕ್ ಬಂತು. ನಮ್ಮದೇ ಮೊದಲ ಫಾರಂ. ಕ್ಲರ್ಕ್ ಹಾಕಿದ ಮೇಲೆ ಆಫೀಸರ್ ಪರದೆ ತಿರುಗಿಸಿ ಹೆಸರು ತೋರಿಸಿದರು. 1:05ಕ್ಕೆ ಯುಟಿಆರ್. ಎಣಿಸಿದೆ ಸರ್, 22. 1:22ಕ್ಕೆ ಹಿರಿಯರ ಫೋನು ಟಿಂಗ್ ಅಂದಿತು. ಡಿಡಿ ಊಟ ಮುಗಿದ ಮೇಲೆ ಸಿಕ್ಕಿತು. ಮೇಲೆ ಅವರ ಹೆಸರಿನ ಜೊತೆ ನನ್ನ ಹೆಸರೂ ಇದೆ.


ಮಡಿಕೇರಿ ಹಳೇ ಕ್ಯಾಷಿಯರ್ (ಗುರುವಾರ, ರಾತ್ರಿ 9:10)

2018ರಿಂದ ಮಾಡಿಸಿದವರ ಹೆಸರನ್ನೂ ಅಚ್ಚು ಹಾಕುತ್ತಾರೆ. ಡಿಡಿಯ ಎರಡೂ ಕಡೆ ಫೋಟೋ ತೆಗೆದಿಡಿ. ಮಳೆಯಲ್ಲಿ ಅಂಗಿ ಕಿಸೆಗೆ ಇಡಬೇಡಿ.


ಸುಂಟಿಕೊಪ್ಪ ತೋಟ (ಶುಕ್ರವಾರ, ರಾತ್ರಿ 8:05)

ಆಯಿತು! 11:30ರ ಸ್ಲಾಟ್ 1 ಗಂಟೆಗೆ ಬಂತು, ಅಲ್ಲಿ ಸರ್ವರ್ ನಿಧಾನ. ಸಹಿ, ಹೆಬ್ಬೆಟ್ಟು, ಫೋಟೋ ಎಲ್ಲ ಮುಗಿದ ಮೇಲೆ ಡಿಡಿ ಕೊಟ್ಟೆ. ಪ್ಲಾಸ್ಟಿಕ್ ಕವರ್‌ನೊಳಗೆ ಇನ್ನೊಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಡಿಡಿ. ಹಿರಿಯರು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಹಾಗೇ ಮಡಿಸಿ ಇಟ್ಟುಕೊಂಡರು. 2:40ಕ್ಕೆ ಅವರ ಬ್ಯಾಂಕಿನ ಕೌಂಟರ್‌ಗೆ ಕೊಟ್ಟೆವು. ಈಗ ಐದು ನಿಮಿಷದ ಹಿಂದೆ ಮಗ ಫೋನ್ ಮಾಡಿದ್ದ. ಅಪ್ಪನ ಖಾತೆಗೆ 24 ಲಕ್ಷ ಬಿದ್ದಿದೆ.


ವಿರಾಜಪೇಟೆ ಟೀಚರ್ (ಶುಕ್ರವಾರ, ರಾತ್ರಿ 8:20)

ಒಳ್ಳೆಯದಾಯಿತು ತಮ್ಮ. ಗೃಹಪ್ರವೇಶಕ್ಕೆ ಕರೆಯಬೇಕು.


ಅಮ್ಮತ್ತಿ ಹುಡುಗ (ಶುಕ್ರವಾರ, ರಾತ್ರಿ 8:24)

ನನ್ನ ಲೆಕ್ಕದಲ್ಲಿ ಇನ್ನೂ 29 ದಿನ ಬಾಕಿ ಇತ್ತು ಅಣ್ಣ.


ಮಡಿಕೇರಿ ಹಳೇ ಕ್ಯಾಷಿಯರ್ (ಶುಕ್ರವಾರ, ರಾತ್ರಿ 8:40)

ಸಂತೋಷ. ಆರ್‌ಟಿಜಿಎಸ್ ಸ್ಲಿಪ್ ಜೆರಾಕ್ಸ್ ಮಾಡಿಸಿದಿರಾ? ತೆಳು ನುಣುಪು ಕಾಗದ ಆಗಿದ್ದರೆ ನಮ್ಮ ಊರಿನ ತೇವಕ್ಕೆ ವರ್ಷದೊಳಗೆ ಅಕ್ಷರ ಮಾಸಿ ಬಿಳಿ ಹಾಳೆ ಆಗುತ್ತದೆ.


ಸುಂಟಿಕೊಪ್ಪ ತೋಟ (ಶುಕ್ರವಾರ, ರಾತ್ರಿ 8:43)

ಇಲ್ಲ ಸರ್. ಕರೆಂಟ್ ಹೋಗಿದೆ. ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ.